ರಿಪೋರ್ಟಿನ 286 ನಿಮ್ಮ ಪ್ರಮೋಷನ್ ತಪ್ಪಿಸಿತೇ?

ಪ್ರಶ್ನೆ: ನನಗೆ 33 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆ 4ರಿಂದ ರಾತ್ರಿ 1ರವರೆಗೆ ಶಿಫ್ಟ್. ಎತ್ತರ 172 ಸೆಂ.ಮೀ., ತೂಕ 92 ಕೆ.ಜಿ. ಮಲಗುವುದು ಎರಡೂವರೆಗೆ, ಏಳುವುದು ಏಳೂವರೆಗೆ. ಈ ಸಲ ನನಗಿಂತ ಎರಡು ವರ್ಷ ಕಿರಿಯ ಹುಡುಗನಿಗೆ ಟೀಮ್ ಲೀಡ್ ಜಾಗ ಕೊಟ್ಟರು. ಮೀಟಿಂಗಿನಲ್ಲಿ ಗೊತ್ತಿರುವ ವಿಷಯ ಹೇಳಲಿಕ್ಕೂ ಗಂಟಲು ಕಟ್ಟುತ್ತದೆ. ಜಿಮ್ ಟ್ರೇನರ್ ಮಾತು ಕೇಳಿ ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿದೆ. ಊಟ ಮುಗಿಸಿ ಮಧ್ಯಾಹ್ನ 3ಕ್ಕೆ ರಕ್ತ ಕೊಟ್ಟಿದ್ದೆ, 286 ಬಂತು. ‘ಅದಕ್ಕೇ ನಿನಗೆ ಗತ್ತಿಲ್ಲ. ವಾರಕ್ಕೊಂದು 250 ಮಿ.ಗ್ರಾಂ. ಇಂಜೆಕ್ಷನ್ ತಗೋ, ಮೂರು ತಿಂಗಳಲ್ಲಿ ಆಲ್ಫಾ ಆಗ್ತೀಯ’ ಅನ್ನುತ್ತಾರೆ. ಮದುವೆಯಾಗಿ ಮೂರು ವರ್ಷ, ಒಂದು ವರ್ಷದಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಲೈಂಗಿಕ ಆಸಕ್ತಿ ಸ್ವಲ್ಪ ತಗ್ಗಿದೆ. ಬೆಳಗಿನ ನಿಮಿರುವಿಕೆ ವಾರದಲ್ಲಿ ನಾಲ್ಕೈದು ದಿನ ಇರುತ್ತದೆ. ಇಂಜೆಕ್ಷನ್ ತೆಗೆದುಕೊಳ್ಳಲೇ?

ಉತ್ತರ: ತೆಗೆದುಕೊಳ್ಳಬೇಡಿ. ಈಗಾಗಲೇ ಒಂದೆರಡು ಚುಚ್ಚಿಸಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಹಾರ್ಮೋನು ತಜ್ಞರನ್ನು ಕಾಣಿ. ಮಗು ಬೇಕೆಂದು ಕಾಯುತ್ತಿರುವ ಗಂಡಸಿಗೆ ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಡುವುದೆಂದರೆ ಗರ್ಭನಿರೋಧಕ ಕೊಟ್ಟ ಹಾಗೆ. ಇದು ಬರೀ ಹೋಲಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದೇ ಔಷಧಿಯನ್ನು ವಾರಕ್ಕೆ 200 ಮಿ.ಗ್ರಾಂ. ಪ್ರಮಾಣದಲ್ಲಿ ಗಂಡಸರ ಗರ್ಭನಿರೋಧಕವೆಂದೇ ಪರೀಕ್ಷೆ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಆರು ತಿಂಗಳೊಳಗೆ ಬಹುಪಾಲು ಗಂಡಸರ ವೀರ್ಯದಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಗಿತ್ತು. ನಿಮ್ಮ ಟ್ರೇನರ್ ಹೇಳುತ್ತಿರುವ ಪ್ರಮಾಣ ಅದಕ್ಕಿಂತಲೂ ಹೆಚ್ಚು.

ನಿಮ್ಮ ಪತ್ರದಲ್ಲಿ ಮೂರು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. 286 ನಿಜಕ್ಕೂ ಕಡಿಮೆಯೇ? ಒಬ್ಬ ಗಂಡಸಿನ ಸ್ಥಾನಮಾನವನ್ನು ಈ ಹಾರ್ಮೋನು ತೀರ್ಮಾನಿಸುತ್ತದೆಯೇ? ಮೀಟಿಂಗಿನಲ್ಲಿ ಗಂಟಲು ಕಟ್ಟುವುದೇಕೆ? ಟ್ರೇನರ್ ಮೂರಕ್ಕೂ ಒಂದೇ ಔಷಧಿ ಹೇಳಿದ್ದಾರೆ. ಆದರೆ ಮೂರರ ಕಾರಣವೂ ಬೇರೆ ಬೇರೆ.

ಆ ಸಂಖ್ಯೆಯಿಂದಲೇ ಶುರು ಮಾಡೋಣ. ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ಏರುತ್ತದೆ, ಎದ್ದ ಹೊತ್ತಿಗೆ ಅತಿ ಹೆಚ್ಚಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಮೂವತ್ತು ನಲವತ್ತರ ಪ್ರಾಯದವರಲ್ಲಿ ಬೆಳಿಗ್ಗೆ 8ಕ್ಕೂ ಸಂಜೆ 4ಕ್ಕೂ ಶೇ. 20ರಿಂದ 25ರಷ್ಟು ವ್ಯತ್ಯಾಸ ಸಹಜ. ಊಟ ಮಾಡಿದ ಮೇಲೆ, ಅದರಲ್ಲೂ ಸಕ್ಕರೆ ಪಿಷ್ಟ ಹೆಚ್ಚಿರುವ ಊಟವಾದ ಮೇಲೆ, ಎರಡು ತಾಸು ಇನ್ನಷ್ಟು ಇಳಿಯುತ್ತದೆ. ನೀವು ರಕ್ತ ಕೊಟ್ಟಿದ್ದು ಐದೇ ತಾಸು ನಿದ್ದೆ ಮಾಡಿ, ಅನ್ನ ಉಂಡು, ಮಧ್ಯಾಹ್ನ 3ಕ್ಕೆ. ನಿದ್ದೆಯ ಪಾಲೂ ಸಣ್ಣದಲ್ಲ. ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ದಿನಕ್ಕೆ ಐದೇ ತಾಸು ಮಲಗಿಸಿದಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿದದ್ದನ್ನು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವರದಿ ಮಾಡಿದ್ದಾರೆ. ನಿಮಗೆ ಆ ವಾರ ವರ್ಷಗಟ್ಟಲೆ ನಡೆದಿದೆ.

ಕಡಿಮೆ ಎನ್ನುವ ಗೆರೆ ಎಲ್ಲಿದೆ? ಬೊಜ್ಜಿಲ್ಲದ 19ರಿಂದ 39ರ ಆರೋಗ್ಯವಂತ ಗಂಡಸರಲ್ಲಿ ಬೆಳಗಿನ ಹೊತ್ತಿನ ಕೆಳಗಿನ ಮಿತಿ ಡೆಸಿಲೀಟರಿಗೆ ಸುಮಾರು 264 ನ್ಯಾನೋಗ್ರಾಂ. ಅಮೆರಿಕದ ಮೂತ್ರಾಂಗ ತಜ್ಞರ ಸಂಘ 300 ಎನ್ನುತ್ತದೆ. ನಿಮ್ಮ 286 ಈ ಎರಡು ಗೆರೆಗಳ ನಡುವೆ ನಿಂತಿದೆ, ಅದೂ ತಪ್ಪು ಹೊತ್ತಿನಲ್ಲಿ ಅಳೆದದ್ದು. ಈ ಒಂದು ಅಂಕಿ ಹಿಡಿದು ಯಾರೂ ರೋಗ ನಿರ್ಣಯ ಮಾಡಬಾರದು. ಎರಡು ಬೇರೆ ಬೇರೆ ದಿನ, ಖಾಲಿ ಹೊಟ್ಟೆಯಲ್ಲಿ, ಎದ್ದ ಎರಡು ಮೂರು ತಾಸಿನೊಳಗೆ ರಕ್ತ ಕೊಟ್ಟು, ಎರಡೂ ಸಲ ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನುತ್ತೇವೆ.

ಮರುಪರೀಕ್ಷೆಗೆ ಹೋಗುವ ಮುಂಚೆ ಒಂದು ವಾರವಾದರೂ ಏಳು ತಾಸು ಮಲಗಿ. ಜ್ವರ ಬಂದು ಎರಡು ಮೂರು ವಾರ ಆಗಿರದಿದ್ದರೆ ಕಾಯಿರಿ. ಹಿಂದಿನ ದಿನ ಮೈ ದಣಿಯುವಂಥ ವ್ಯಾಯಾಮ ಬೇಡ, ಮದ್ಯ ಬೇಡ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಕೆಲವು ಯಂತ್ರಗಳಲ್ಲಿ ಬಯೋಟಿನ್ ಲೆಕ್ಕ ತಪ್ಪಿಸಿ ಟೆಸ್ಟೋಸ್ಟೆರಾನನ್ನು ಇಲ್ಲದಷ್ಟು ಹೆಚ್ಚು ತೋರಿಸುತ್ತದೆ. ಎರಡೂ ಸಲ ಒಂದೇ ಲ್ಯಾಬಿಗೆ ಹೋಗಿ. ಅಳತೆಯ ಮಾನವನ್ನೂ ನೋಡಿ: ಒಂದು ಲ್ಯಾಬಿನ 286 ಇನ್ನೊಂದು ಲ್ಯಾಬಿನಲ್ಲಿ ಮಿಲಿಲೀಟರಿಗೆ 2.86 ಎಂದೋ, ನ್ಯಾನೋಮೋಲ್ ಲೆಕ್ಕದಲ್ಲಿ 9.9 ಎಂದೋ ಬರಬಹುದು. ಮೂರೂ ಒಂದೇ. ಹತ್ತಕ್ಕಿಂತ ಕೆಳಗಿನ ಅಂಕಿ ಕಂಡು ಗಾಬರಿಯಾಗಿ ಬರುವವರು ಬಹಳ.

ನಿಮ್ಮ ತೂಕ ಇನ್ನೊಂದು ಕಾರಣ. ರಕ್ತದಲ್ಲಿರುವ ಟೆಸ್ಟೋಸ್ಟೆರಾನಿನ ಬಹುಭಾಗ ಪ್ರೋಟೀನುಗಳಿಗೆ ಅಂಟಿಕೊಂಡು ಸಾಗುತ್ತದೆ, ಬಿಡಿಯಾಗಿ ಓಡಾಡುವುದು ಶೇ. 2ರ ಆಸುಪಾಸು. ಹೊಟ್ಟೆಯ ಬೊಜ್ಜು, ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳದಿರುವುದು) ಇದ್ದವರಲ್ಲಿ ಎಸ್‌ಎಚ್‌ಬಿಜಿ ಎಂಬ ವಾಹಕ ಪ್ರೋಟೀನು ಇಳಿಯುತ್ತದೆ. ಗಾಡಿಗಳು ಕಡಿಮೆಯಾದರೆ ಎಣಿಕೆಗೆ ಸಿಗುವ ಸರಕೂ ಕಡಿಮೆ. ಒಟ್ಟು ಟೆಸ್ಟೋಸ್ಟೆರಾನ್ ಇಳಿದಂತೆ ಕಂಡರೂ ಬಿಡಿ ಪ್ರಮಾಣ ಸರಿಯಾಗಿಯೇ ಇರಬಹುದು. ಆದ್ದರಿಂದ ಮರುಪರೀಕ್ಷೆಯ ಚೀಟಿಯಲ್ಲಿ ಎಸ್‌ಎಚ್‌ಬಿಜಿ, ಅಲ್ಬುಮಿನ್ (ರಕ್ತದ ಇನ್ನೊಂದು ವಾಹಕ ಪ್ರೋಟೀನು) ಬರೆಸಿ ಬಿಡಿ ಟೆಸ್ಟೋಸ್ಟೆರಾನನ್ನು ಲೆಕ್ಕ ಹಾಕಿಸಬೇಕು. ‘ಫ್ರೀ ಟೆಸ್ಟೋಸ್ಟೆರಾನ್’ ಎಂದು ನೇರವಾಗಿ ಅಳೆದು ಕೊಡುವ ಅಗ್ಗದ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ.

ಈಗ ನಿಮ್ಮನ್ನು ನಿಜಕ್ಕೂ ಕೊರೆಯುತ್ತಿರುವ ಪ್ರಶ್ನೆ. ಹಾರ್ಮೋನು ಕಡಿಮೆ ಇದ್ದದ್ದಕ್ಕೇ ನಾನು ಹಿಂದೆ ಉಳಿದೆನೇ?

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಬೀಜ ಒಡೆಸಿದ ಹೋರಿ ಎತ್ತಾಗುತ್ತದೆ, ಕೊಂಬು ತಗ್ಗಿಸಿ ನೊಗಕ್ಕೆ ಬರುತ್ತದೆ. 1849ರಲ್ಲಿ ಜರ್ಮನಿಯ ಆರ್ನಾಲ್ಡ್ ಬರ್ಟ್‌ಹೋಲ್ಡ್ ಹುಂಜಗಳ ವೃಷಣ ತೆಗೆದಾಗ ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು, ಜುಟ್ಟು ಬಾಡಿತು. ವೃಷಣವನ್ನು ಹೊಟ್ಟೆಯೊಳಗೆ ಕಸಿ ಮಾಡಿದಾಗ ಮತ್ತೆ ಕೂಗಿದವು, ಕಾದಾಡಿದವು. ಹಾರ್ಮೋನು ಶಾಸ್ತ್ರದ ಮೊದಲ ಪ್ರಯೋಗವೆಂದು ಇದನ್ನೇ ಹೇಳುವುದು. ಆದರೆ ಇಲ್ಲಿ ಆಗಿದ್ದು ಹಾರ್ಮೋನು ಪೂರ್ತಿ ಇದ್ದದ್ದು ಪೂರ್ತಿ ಹೋದದ್ದು. ನಿಮ್ಮ ಪ್ರಶ್ನೆ ಬೇರೆ: 350 ಇರುವವನಿಗಿಂತ 650 ಇರುವವನು ಹೆಚ್ಚು ಗತ್ತಿನವನೇ? ಗಂಡಸರ ಸಾಮಾನ್ಯ ಮಟ್ಟಕ್ಕೂ ಆಕ್ರಮಣಶೀಲತೆಗೂ ಇರುವ ನಂಟನ್ನು ಹತ್ತಾರು ಅಧ್ಯಯನಗಳಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸಹಸಂಬಂಧ ಸುಮಾರು 0.05 (ಪೂರ್ತಿ ನಂಟಿದ್ದರೆ 1, ಏನೂ ಇಲ್ಲದಿದ್ದರೆ 0). ಸೊನ್ನೆಗೂ ಅದಕ್ಕೂ ಕೂದಲೆಳೆಯ ಅಂತರ.

ಇನ್ನು ಅಧಿಕಾರಕ್ಕೆ ಟೆಸ್ಟೋಸ್ಟೆರಾನ್ ಬೇಕೇ ಬೇಕು ಎನ್ನುವವರು ನಮ್ಮ ಹಳೇಬೀಡಿನ ಚರಿತ್ರೆ ನೋಡಬಹುದು. 1311ರಲ್ಲಿ ದ್ವಾರಸಮುದ್ರಕ್ಕೆ ಮುತ್ತಿಗೆ ಹಾಕಿ ಮೂರನೆಯ ವೀರಬಲ್ಲಾಳನನ್ನು ಮಣಿಸಿದ ಖಿಲ್ಜಿ ದಂಡನಾಯಕ ಮಲಿಕ್ ಕಾಫೂರ್ ಬೀಜ ತೆಗೆಸಿದ್ದ ಗುಲಾಮ. 1405ರಿಂದ ಚೀನಾದ ಮಹಾ ನೌಕಾಪಡೆಯನ್ನು ಕಲ್ಲಿಕೋಟೆಯವರೆಗೂ ಅದರಾಚೆಗೂ ನಡೆಸಿದ ಝೆಂಗ್ ಹೆ ಕೂಡ ಹಾಗೆಯೇ.

ಹಾರ್ಮೋನಿಗೂ ಪೈಪೋಟಿಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಆದರೆ ನಿಮ್ಮ ಟ್ರೇನರ್ ಹೇಳಿದ ದಿಕ್ಕಿನಲ್ಲಲ್ಲ. 1990ರಲ್ಲಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ಹಕ್ಕಿಗಳ ಮೇಲಿನ ತಮ್ಮ ಕೆಲಸದಿಂದ ಒಂದು ಸೂತ್ರ ಮುಂದಿಟ್ಟರು: ಗಂಡುಹಕ್ಕಿಯ ಟೆಸ್ಟೋಸ್ಟೆರಾನ್ ಸದಾ ಉಬ್ಬಿ ನಿಂತಿರುವುದಿಲ್ಲ. ಬೇರೆ ಗಂಡು ತನ್ನ ಗಡಿಯೊಳಗೆ ನುಗ್ಗಿದಾಗ ಏರುತ್ತದೆ, ಮರಿಗಳಿಗೆ ಉಣಿಸುವ ಕಾಲಕ್ಕೆ ಇಳಿಯುತ್ತದೆ. ಸವಾಲು ಮೊದಲು, ಹಾರ್ಮೋನು ಆಮೇಲೆ. ಕೀನ್ಯಾದ ಬಬೂನ್ ಕೋತಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ರಾಬರ್ಟ್ ಸಪೋಲ್‌ಸ್ಕಿ ಕಂಡದ್ದೂ ಇದಕ್ಕೆ ಹತ್ತಿರದ್ದೇ. ಗುಂಪಿನ ಮೇಲು ಕೀಳು ಸ್ಥಿರವಾಗಿದ್ದಾಗ ಮೇಲಿನ ಗಂಡುಗಳ ಟೆಸ್ಟೋಸ್ಟೆರಾನ್ ಬೇರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಶ್ರೇಣಿ ಅಲ್ಲಾಡಿ ಕಾದಾಟ ಶುರುವಾದಾಗ ಮಾತ್ರ ವ್ಯತ್ಯಾಸ ಕಂಡಿತು. ‘ಆಲ್ಫಾ’ ಎಂಬ ಪದವನ್ನು ಜಿಮ್ಮುಗಳು ಎತ್ತಿಕೊಂಡಿರುವುದು ಪ್ರಾಣಿಗಳ ಗುಂಪಿನಿಂದಲೇ ಆದ್ದರಿಂದ ಇನ್ನೊಂದು ಸಂಗತಿ ಹೇಳಲೇಬೇಕು. ಕೀನ್ಯಾದ ಅಂಬೊಸೆಲಿಯ 125 ಗಂಡು ಬಬೂನ್‌ಗಳ ಅಧ್ಯಯನದಲ್ಲಿ ಎಲ್ಲರಿಗಿಂತ ಮೇಲಿನ ಆಲ್ಫಾಗಳ ಒತ್ತಡದ ಹಾರ್ಮೋನು ಎರಡನೇ ಸ್ಥಾನದವಕ್ಕಿಂತ ಬಹಳ ಹೆಚ್ಚಿತ್ತು, ತೀರಾ ಕೆಳಗಿನವುಗಳ ಮಟ್ಟದಲ್ಲೇ ಇತ್ತು.

ಮನುಷ್ಯರಲ್ಲೂ ಏರಿಳಿತ ಗೆಲುವು ಸೋಲುಗಳ ಹಿಂದೆ ಬರುತ್ತದೆ. ಅಲನ್ ಮಜೂರ್ ಮತ್ತು ಸಹೋದ್ಯೋಗಿ 1980ರಲ್ಲಿ ಹಣದ ಬಹುಮಾನವಿಟ್ಟು ಟೆನಿಸ್ ಡಬಲ್ಸ್ ಆಡಿಸಿ ನೋಡಿದರು. ಸಲೀಸಾಗಿ ಗೆದ್ದವರಲ್ಲಿ ಟೆಸ್ಟೋಸ್ಟೆರಾನ್ ಏರಿತು. ಅಷ್ಟೇ ಹಣ ಲಾಟರಿಯಲ್ಲಿ ಬಂದಾಗ ಏರಲಿಲ್ಲ. 1992ರಲ್ಲಿ ಚದುರಂಗದ ಆಟಗಾರರಲ್ಲೂ ಗೆದ್ದವರದು ಸೋತವರಿಗಿಂತ ಮೇಲಿತ್ತು. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ಲನ್ನು ಟಿ.ವಿ.ಯಲ್ಲಿ ನೋಡಿದ ಬ್ರೆಜಿಲ್ ಅಭಿಮಾನಿಗಳ ಜೊಲ್ಲಿನಲ್ಲಿ ಹಾರ್ಮೋನು ಏರಿ, ಇಟಲಿಯವರದ್ದು ಇಳಿದಿತ್ತು. ಅವರ್‍ಯಾರೂ ಚೆಂಡು ಮುಟ್ಟಿರಲಿಲ್ಲ! ಇವೆಲ್ಲ ಸಣ್ಣ ಅಧ್ಯಯನಗಳು. ನಂತರ ಬಂದವುಗಳನ್ನೆಲ್ಲ ಕೂಡಿಸಿ ನೋಡಿದರೆ ಗೆದ್ದವರಿಗೂ ಸೋತವರಿಗೂ ನಡುವಿನ ವ್ಯತ್ಯಾಸ ಇದೆ, ಆದರೆ ಚಿಕ್ಕದು. ಏರಿಕೆಯೂ ಕೆಲವು ತಾಸಿನದು. ಪ್ರಮೋಷನ್ ತಪ್ಪಿದ ನೋವು ನಿಮ್ಮ ರಿಪೋರ್ಟಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆಂದೂ ತಿಳಿಯಬೇಡಿ.

ಹೊರಗಿನಿಂದ ಹಾರ್ಮೋನು ಕೊಟ್ಟರೆ ಮನುಷ್ಯ ದರ್ಪಿಷ್ಠನಾಗುತ್ತಾನೆಯೇ ಎಂದು ಪರೀಕ್ಷಿಸಿದ್ದಾರೆ. 2010ರ ಹೊತ್ತಿಗೆ ಪ್ರಕಟವಾದ ಜ್ಯೂರಿಕ್‌ನ ಪ್ರಯೋಗದಲ್ಲಿ ನೂರಿಪ್ಪತ್ತೊಂದು ಮಹಿಳೆಯರಿಗೆ ನಾಲಿಗೆಯಡಿ 0.5 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಅಥವಾ ಸುಳ್ಳು ಔಷಧಿ ಕೊಟ್ಟು ಹಣ ಹಂಚಿಕೊಳ್ಳುವ ಆಟ ಆಡಿಸಿದರು. ನಿಜವಾದ ಔಷಧಿ ಪಡೆದವರು ಎದುರಿನವರಿಗೆ ಹೆಚ್ಚು ನ್ಯಾಯವಾದ ಪಾಲು ಕೊಟ್ಟರು. ತಮಗೆ ಸಿಕ್ಕಿದ್ದು ಟೆಸ್ಟೋಸ್ಟೆರಾನ್ ಎಂದು ನಂಬಿದವರು, ಏನೇ ಸಿಕ್ಕಿರಲಿ, ಕಡಿಮೆ ಪಾಲು ಕೊಟ್ಟರು. ದರ್ಪ ಬಂದದ್ದು ಆ ಹೆಸರಿನ ಮೇಲಿನ ನಂಬಿಕೆಯಿಂದ. 2017ರಲ್ಲಿ 243 ಗಂಡಸರ ಮೇಲೆ ನಡೆದ ಇನ್ನೊಂದು ಪ್ರಯೋಗ ನಿಮ್ಮ ವೃತ್ತಿಯವರಿಗೆ ಮುಖ್ಯ. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡವರು ಮೇಲ್ನೋಟಕ್ಕೆ ಸುಲಭವೆನಿಸಿ ದಾರಿ ತಪ್ಪಿಸುವ ಲೆಕ್ಕಗಳಲ್ಲಿ ಹೆಚ್ಚು ತಪ್ಪಿದರು, ತಪ್ಪು ಉತ್ತರವನ್ನು ಬೇಗ ಕೊಟ್ಟರು, ಅದೇ ಸರಿ ಎಂಬ ಧೈರ್ಯ ಅವರಿಗೆ ಹೆಚ್ಚಿತ್ತು.

ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಟೆಸ್ಟೋಸ್ಟೆರಾನ್ ಏರುತ್ತದೆ ಎನ್ನುವ ವಿಡಿಯೊ ನೀವೂ ನೋಡಿರಬಹುದು. ಅದರ ಮೂಲ 42 ಮಂದಿಯ 2010ರ ಒಂದು ಅಧ್ಯಯನ. 2015ರಲ್ಲಿ 200 ಮಂದಿಯಲ್ಲಿ ಮತ್ತೆ ಮಾಡಿ ನೋಡಿದಾಗ ಹಾರ್ಮೋನು ಅಲ್ಲಾಡಲಿಲ್ಲ. ಮೂಲ ಅಧ್ಯಯನದ ಮೊದಲ ಲೇಖಕಿಯೇ 2016ರಲ್ಲಿ ತಮಗೆ ಅದರಲ್ಲಿ ನಂಬಿಕೆ ಉಳಿದಿಲ್ಲವೆಂದು ಬರೆದರು.

ಹಾಗಾದರೆ ಗಂಟಲು ಕಟ್ಟುವುದೇಕೆ? ಇದಕ್ಕೆ ಟೆಸ್ಟೋಸ್ಟೆರಾನಿಗಿಂತ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಕಡೆ ನೋಡಬೇಕು. ಜರ್ಮನಿಯ ಟ್ರಿಯರ್ ನಗರದಲ್ಲಿ 1993ರಲ್ಲಿ ರೂಪಿಸಿದ ಒಂದು ಪರೀಕ್ಷೆ ಇದೆ. ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಮುಂದೆ ಐದು ನಿಮಿಷ ಮಾತಾಡಬೇಕು. ಆಮೇಲೆ ಐದು ನಿಮಿಷ 1022ರಿಂದ 13 ಕಳೆಯುತ್ತಾ ಗಟ್ಟಿಯಾಗಿ ಹೇಳಬೇಕು: 1009, 996, 983… ಒಂದು ತಪ್ಪಿದರೂ ‘ತಪ್ಪು, 1022ರಿಂದ ಮತ್ತೆ ಶುರು ಮಾಡಿ’ ಎನ್ನುತ್ತಾರೆ. ಆರೋಗ್ಯವಂತರಲ್ಲೂ ಬಾಯಿ ಒಣಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಮುಗಿದು ಹತ್ತಿಪ್ಪತ್ತು ನಿಮಿಷಕ್ಕೆ ಕಾರ್ಟಿಸಾಲ್ ತುದಿ ಮುಟ್ಟುತ್ತದೆ. ಇಂಥ 208 ಅಧ್ಯಯನಗಳನ್ನು 2004ರಲ್ಲಿ ಒಟ್ಟಿಗೆ ನೋಡಿದಾಗ ಗೊತ್ತಾದದ್ದು: ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ ಎನ್ನುವುದೂ, ಮುಂದೇನಾಗುವುದೆಂಬುದು ನಮ್ಮ ಕೈಯಲ್ಲಿಲ್ಲ ಎನ್ನುವುದೂ ಒಟ್ಟಿಗೆ ಸೇರಿದಾಗ ಕಾರ್ಟಿಸಾಲ್ ಅತಿ ಹೆಚ್ಚು ಏರುತ್ತದೆ. ಕಿರಿಯನೊಬ್ಬ ಲೀಡ್ ಆಗಿ ಕೂತ ಮೀಟಿಂಗಿನಲ್ಲಿ ನೀವಿರುವ ಸ್ಥಿತಿ ಇದೇ ಅಲ್ಲವೇ? ಐದು ತಾಸಿನ ನಿದ್ದೆ ಇದನ್ನು ಇನ್ನಷ್ಟು ಕೆಡಿಸುತ್ತದೆ.

ಆದ್ದರಿಂದ ಆ ಎರಡರಲ್ಲಿ ಒಂದನ್ನು ಕಡಿಮೆ ಮಾಡಿ. ಹೇಳಬೇಕಾದದ್ದನ್ನು ಮೀಟಿಂಗಿನ ಹಿಂದಿನ ದಿನವೇ ಅರ್ಧ ಪುಟದ ಮೇಲ್ ಆಗಿ ಕಳಿಸಿ. ಆಗ ಮೀಟಿಂಗಿನಲ್ಲಿ ನೀವು ಹೊಸದಾಗಿ ಮಂಡಿಸಬೇಕಿಲ್ಲ, ವಿವರಿಸಿದರೆ ಸಾಕು. ಮೊದಲ ಐದು ನಿಮಿಷದೊಳಗೆ ಒಂದು ಸಿದ್ಧ ವಾಕ್ಯ ಹೇಳಿಬಿಡಿ, ಪ್ರಶ್ನೆಯಾದರೂ ಸರಿ. ಕಾದಷ್ಟೂ ಗಂಟಲು ಬಿಗಿಯುತ್ತದೆ. ಜನ ಮೇಲೇರುವ ದಾರಿ ಎರಡು: ಒಂದು ದರ್ಪ, ಇನ್ನೊಂದು ಮನ್ನಣೆ. ಕೋತಿಗಳಿಗೆ ಮೊದಲನೆಯದೇ ಮುಖ್ಯ ದಾರಿ. ಮನುಷ್ಯರಿಗೆ ಎರಡನೆಯದೂ ಇದೆ, ಕೆಲಸ ಬಲ್ಲವನ ಬಳಿಗೆ ಜನ ತಾವಾಗಿ ಬರುತ್ತಾರೆ. ನಿಮ್ಮಂಥ ಕೆಲಸದಲ್ಲಿ ಈ ದಾರಿಯೇ ಹೆಚ್ಚು ದೂರ ಒಯ್ಯುವುದೆಂದು ನನ್ನ ಅಭಿಪ್ರಾಯ, ಆದರೆ ಬಲ್ಲದ್ದು ಬೇರೆಯವರಿಗೆ ಕಾಣಬೇಕು. ಮೀಟಿಂಗ್ ಇದೆಯೆಂದು ರಜೆ ಹಾಕುವ ಮಟ್ಟಕ್ಕೆ ಹೋಗಿದ್ದರೆ ಅದು ಸಾಮಾಜಿಕ ಆತಂಕದ ಕಾಯಿಲೆ ಇರಬಹುದು. ಅದಕ್ಕೆ ಮನಶ್ಶಾಸ್ತ್ರಜ್ಞರ ಬಳಿ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ತಿಂಗಳ ಸಿಬಿಟಿ (ಯೋಚನೆ, ನಡವಳಿಕೆಯನ್ನು ಮಾತುಕತೆಯಿಂದ ತಿದ್ದುವ) ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇಂಜೆಕ್ಷನ್ ಒಳಗೆ ಹೋದರೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಿಮ್ಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಆಜ್ಞೆಗಳನ್ನು ವೃಷಣಕ್ಕೆ ಕಳಿಸುತ್ತಿರುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ತುಂಬಿದ್ದು ಕಂಡರೆ ಆ ಆಜ್ಞೆಗಳು ನಿಲ್ಲುತ್ತವೆ. ವೀರ್ಯಾಣು ಬೆಳೆಯಲು ವೃಷಣದೊಳಗಿನ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹಲವು ಹತ್ತು ಪಟ್ಟು ಇರಬೇಕು. ಅದನ್ನು ಅಲ್ಲೇ ತಯಾರಿಸಬೇಕು, ಸ್ನಾಯುವಿಗೆ ಚುಚ್ಚಿದ್ದು ಅಷ್ಟು ಸಾಂದ್ರವಾಗಿ ಅಲ್ಲಿಗೆ ತಲುಪುವುದಿಲ್ಲ. ಹೀಗೆ ರಕ್ತದಲ್ಲಿ ಹಾರ್ಮೋನು ಉಕ್ಕುತ್ತಿರುವಾಗಲೇ ವೃಷಣ ಒಣಗಿ ಚಿಕ್ಕದಾಗುತ್ತದೆ. ನಿಲ್ಲಿಸಿದ ಮೇಲೆ ವೀರ್ಯಾಣು ಮರಳಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು, ಕೆಲವರಿಗೆ ಎರಡು ವರ್ಷ. ಆ ನಡುವಿನ ತಿಂಗಳುಗಳಲ್ಲಿ ಸ್ವಂತ ಹಾರ್ಮೋನೂ ಇಲ್ಲ, ಹೊರಗಿನದೂ ಇಲ್ಲ. ಮನಸ್ಸು ಕುಗ್ಗಿ, ಆಸಕ್ತಿ ಬತ್ತಿ, ಬಹಳ ಮಂದಿ ತಡೆಯಲಾರದೆ ಮತ್ತೆ ಸೂಜಿಗೆ ಮರಳುತ್ತಾರೆ.

ಪ್ರಮಾಣವನ್ನೂ ಗಮನಿಸಿ. ನಿಜವಾದ ಕೊರತೆ ಇರುವವರಿಗೆ ನಾವು ಕೊಡುವುದು ವಾರಕ್ಕೆ 75ರಿಂದ 100 ಮಿ.ಗ್ರಾಂ. 250 ಎಂದರೆ ಎರಡೂವರೆ ಪಟ್ಟು. ರಕ್ತ ದಪ್ಪವಾಗುತ್ತದೆ, ಹಿಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 54 ದಾಟಿದರೆ ಔಷಧಿ ನಿಲ್ಲಿಸಲೇಬೇಕು. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಹೆಚ್ಚಬಹುದು. ಮೊಡವೆ, ಎದೆ ಊದುವುದು ಬೇರೆ. 2023ರಲ್ಲಿ ಪ್ರಕಟವಾದ, 45ರಿಂದ 80 ವಯಸ್ಸಿನ 5,200ಕ್ಕೂ ಹೆಚ್ಚು ಗಂಡಸರ ಅಧ್ಯಯನದಲ್ಲಿ ಸರಿಯಾದ ಪ್ರಮಾಣದ ಜೆಲ್‌ನಿಂದ ಹೃದಯಾಘಾತ ಹೆಚ್ಚಲಿಲ್ಲ, ನಿಜ. ಆದರೆ ಅಲ್ಲೂ ಹೃದಯದ ಬಡಿತದ ಏರುಪೇರು, ಶ್ವಾಸಕೋಶಕ್ಕೆ ಹೆಪ್ಪು ಸೇರುವುದು ಹೆಚ್ಚು ಕಂಡವು. ಅವರೆಲ್ಲ ಪರೀಕ್ಷೆ ಮಾಡಿ ಕೊರತೆ ಖಚಿತವಾದವರು, ವೈದ್ಯರ ಕಣ್ಣೆದುರು ಇದ್ದವರು. ಜಿಮ್ಮಿನ ಚೀಲದಿಂದ ಬರುವ ಸೀಸೆಯಲ್ಲಿ ಏನಿದೆ, ಎಷ್ಟಿದೆ ಎಂಬುದೇ ಖಾತ್ರಿಯಿಲ್ಲ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಮರುಪರೀಕ್ಷೆಯಲ್ಲಿ 300ರ ಮೇಲೆ ಬಂದರೆ ಹಾರ್ಮೋನಿನ ವಿಷಯ ಅಲ್ಲಿಗೆ ಮುಗಿಯಿತು. ಆಗ ತೂಕ, ನಿದ್ದೆ ಎರಡೇ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 31, ಒಂಬತ್ತು ಹತ್ತು ಕಿಲೊ ಇಳಿಸಿದರೆ ಎಸ್‌ಎಚ್‌ಬಿಜಿ, ಟೆಸ್ಟೋಸ್ಟೆರಾನ್ ಎರಡೂ ಏರುವುದನ್ನು ನಾವು ಪದೇ ಪದೇ ನೋಡುತ್ತೇವೆ. ತಿಂಗಳಿಗೆ ಎರಡು ಕಿಲೊ ಸಾಕು, ಉಪವಾಸ ಬಿದ್ದು ಇಳಿಸಿದರೆ ಹಾರ್ಮೋನು ಇನ್ನೂ ಕುಸಿಯುತ್ತದೆ. ಗೊರಕೆ ಹೊಡೆಯುತ್ತೀರೋ, ಮಧ್ಯೆ ಉಸಿರು ನಿಲ್ಲುತ್ತದೋ ಎಂದು ಮನೆಯವರನ್ನು ಕೇಳಿ. ಹೌದಾದರೆ ನಿದ್ದೆಯ ಪರೀಕ್ಷೆ ಮೊದಲು. ಶಿಫ್ಟ್ ಬದಲಾಯಿಸಲು ಆಗದಿದ್ದರೆ ಕಿಟಕಿಗೆ ದಪ್ಪ ಪರದೆ ಹಾಕಿ ಒಂಬತ್ತೂವರೆವರೆಗೆ ಮಲಗಿ. ಅಶ್ವಗಂಧದ ಮಾತ್ರೆ ಕೇಳುವವರಿಗೆ ಒಂದು ಮಾತು: ಅದರ ಪರವಾಗಿರುವ ಅಧ್ಯಯನಗಳು ಚಿಕ್ಕವು, ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ.

ಎರಡೂ ಸಲ ಕಡಿಮೆ ಬಂದರೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಇನ್ನೊಂದು ಹಾರ್ಮೋನು), ಥೈರಾಯ್ಡ್, ಮೂರು ತಿಂಗಳ ಸಕ್ಕರೆ, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹದ ಅಳತೆ) ನೋಡಿಸಬೇಕು. ಎಲ್‌ಎಚ್ ಹೆಚ್ಚಿದ್ದರೆ ತೊಂದರೆ ವೃಷಣದಲ್ಲೇ ಇದೆ. ದೊಡ್ಡವರಾದ ಮೇಲೆ ಬಂದ ಮಂಗನಬಾವು, ಹುಟ್ಟಿನಿಂದಲೇ ಬಂದ ವರ್ಣತಂತುವಿನ ವ್ಯತ್ಯಾಸ ಇದಕ್ಕೆ ಕಾರಣವಾಗಬಹುದು. ಎಲ್‌ಎಚ್ ತಗ್ಗಿ ಪ್ರೊಲ್ಯಾಕ್ಟಿನ್ ಏರಿದ್ದರೆ ಪಿಟ್ಯುಟರಿಯ ಎಂಆರ್‌ಐ ಬೇಕಾಗುತ್ತದೆ. ತಲೆನೋವಿನ ಜೊತೆ ಅಕ್ಕಪಕ್ಕದ ನೋಟ ಮಂಕಾಗಿದ್ದರೆ ತಡ ಮಾಡಲೇಬೇಡಿ. ಮಗು ಬೇಕಿರುವವರಿಗೆ ಚಿಕಿತ್ಸೆ ಬೇಕೆನಿಸಿದರೂ ನಾವು ಟೆಸ್ಟೋಸ್ಟೆರಾನ್ ಬರೆಯುವುದಿಲ್ಲ. ವೃಷಣವನ್ನೇ ಕೆಲಸಕ್ಕೆ ಹಚ್ಚುವ ಎಚ್‌ಸಿಜಿ ಇಂಜೆಕ್ಷನ್, ಕೆಲವೊಮ್ಮೆ ಕ್ಲೊಮಿಫೀನ್ ಮಾತ್ರೆ ಬಳಸುತ್ತೇವೆ. ಇವೂ ತಜ್ಞರ ನಿಗಾದಲ್ಲೇ ಆಗಬೇಕು, ಕ್ಲೊಮಿಫೀನ್‌ನಿಂದ ಕಣ್ಣು ಮಂಜಾದರೆ ಕೂಡಲೇ ನಿಲ್ಲಿಸಬೇಕು.

ಮುಂದೆ ಮಗುವಾದಾಗ ನಿಮ್ಮ ಮಟ್ಟ ಇನ್ನೂ ಇಳಿಯಬಹುದು, ಆಗ ಯಾರಾದರೂ ಹೆದರಿಸಿದರೆ ಇದು ನೆನಪಿರಲಿ. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ 624 ಗಂಡಸರನ್ನು 2005ರಿಂದ 2009ರವರೆಗೆ ಗಮನಿಸಿದಾಗ, ತಂದೆಯಾದವರ ಬೆಳಗಿನ ಟೆಸ್ಟೋಸ್ಟೆರಾನ್ ಸುಮಾರು ಶೇ. 26ರಷ್ಟು ಇಳಿದಿತ್ತು. ದಿನಕ್ಕೆ ಮೂರು ತಾಸಿಗೂ ಹೆಚ್ಚು ಮಗುವನ್ನು ನೋಡಿಕೊಳ್ಳುವವರಲ್ಲಿ ಅತಿ ಕಡಿಮೆ ಇತ್ತು. ಅದು ಕಾಯಿಲೆಯಲ್ಲ.

ಈ ವಾರವೇ ಮಾಡಬೇಕಾದದ್ದು ಒಂದಿದೆ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಂತಿಲ್ಲವೆಂದರೆ ಇಬ್ಬರಿಗೂ ತಪಾಸಣೆಯಾಗಬೇಕು, ಅದರಲ್ಲಿ ಅತಿ ಸುಲಭದ್ದು ನಿಮ್ಮ ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸಂಯಮವಿಟ್ಟು ಮಾದರಿ ಕೊಡಿ, ಒಂದು ತಾಸಿನೊಳಗೆ ಲ್ಯಾಬಿಗೆ ತಲುಪಲಿ, ಪೂರ್ತಿ ಸಂಗ್ರಹವಾಗದಿದ್ದರೆ ಅದನ್ನೂ ಹೇಳಿ. ಮಿಲಿಲೀಟರಿಗೆ 1 ಕೋಟಿ 60 ಲಕ್ಷಕ್ಕಿಂತ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಆ ರಿಪೋರ್ಟು, ಬೆಳಗಿನ ಎರಡು ಟೆಸ್ಟೋಸ್ಟೆರಾನ್ ರಿಪೋರ್ಟು ಹಿಡಿದು ಹೆಂಡತಿಯ ಜೊತೆಗೇ ವೈದ್ಯರ ಬಳಿಗೆ ಹೋಗಿ. ಇಂಜೆಕ್ಷನ್ ಒಂದು ಸಲ ತೆಗೆದುಕೊಂಡಿದ್ದರೂ, ಯಾವ ತಾರೀಖು, ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿ. ಅದು ಗೊತ್ತಿಲ್ಲದಿದ್ದರೆ ಆ ಮೂರೂ ರಿಪೋರ್ಟುಗಳನ್ನು ನಾವು ತಪ್ಪಾಗಿ ಓದುತ್ತೇವೆ.